ಮೆಕ್ಯಾನಿಕಲ್ ಎಂ.ಟೆಕ್.: ಪಾಠದ ದಾರಿಯೋ, ಸಂಶೋಧನೆಯ ದಾರಿಯೋ?

ಮೂರು ವರ್ಷವಾಗುತ್ತ ಬಂತು. ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಮನೆಗೆ ಬಂದ. ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ತಂದೆಯದು ನಮ್ಮೂರಿನ ಬಸ್ ನಿಲ್ದಾಣದ ಹಿಂದೆ ಒಂದು ಲೇತ್ ವರ್ಕ್‌ಶಾಪು. ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ ಷಾಫ್ಟು, ಟ್ರ್ಯಾಕ್ಟರ್ ಬುಷ್ಷು ಎಲ್ಲ ಅಲ್ಲಿಗೇ ಬರುತ್ತವೆ. ಹುಡುಗನ ಕೈಯಲ್ಲಿ ಕೆನಡಾದ ವಿಶ್ವವಿದ್ಯಾಲಯವೊಂದರ ಬಣ್ಣದ ಕೈಪಿಡಿ ಇತ್ತು.

‘ಕೋರ್ಸ್ ಆಧಾರಿತ ಮಾಸ್ಟರ್ಸ್ ಅಂತೆ ಮೇಷ್ಟ್ರೇ. ವರ್ಕ್‌ಶಾಪಿನ ಸೈಟು ಅಡವಿಟ್ಟರೆ ಬ್ಯಾಂಕಿನವರು ಸಾಲ ಕೊಡ್ತಾರಂತೆ. ಇಡಲೋ, ಬೇಡವೋ? ನೀವು ಹೇಳಿದ ಹಾಗೆ’ ಎಂದರು ತಂದೆ.

ನಾನು ಬಿ.ಎಸ್ಸಿ., ಬಿ.ಎಡ್. ಓದಿದ ಹೈಸ್ಕೂಲು ವಿಜ್ಞಾನ ಮೇಷ್ಟ್ರು. ಒಬ್ಬರ ಸೈಟಿನ ಹಣೆಬರಹವನ್ನು ಕುಳಿತಲ್ಲೇ ಬರೆಯುವ ಧೈರ್ಯ ನನಗಿರಲಿಲ್ಲ. ಒಂದು ವಾರ ಕೇಳಿಕೊಂಡೆ. ಎಂಜಿನಿಯರುಗಳಾಗಿರುವ ಹಳೆಯ ಶಿಷ್ಯರಿಗೆ ಫೋನು ಮಾಡಿದೆ, ಪಠ್ಯಕ್ರಮಗಳನ್ನು ತರಿಸಿ ಓದಿದೆ. ಆಗ ತಿಳಿದದ್ದು ಇತರ ಪಾಲಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಎರಡು ದಾರಿಗಳು

ಎಂ.ಟೆಕ್. ಎಂದರೆ ಒಂದೇ ಬಗೆಯ ಪದವಿ ಎಂದು ನಮ್ಮಲ್ಲಿ ಅನೇಕರ ಎಣಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. 1909ರಲ್ಲಿ ಸ್ಥಾಪನೆಯಾದ, ಹಳಬರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವ ಈ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೆ ಎರಡು ಬಾಗಿಲುಗಳಿವೆ. ಒಂದು, ಕೋರ್ಸ್ ಆಧಾರಿತ ಎಂ.ಟೆಕ್.; ಹಿಂದೆ ಇದಕ್ಕೆ ಎಂ.ಇ. ಎಂಬ ಹೆಸರಿತ್ತು. ಇನ್ನೊಂದು, ಸಂಶೋಧನಾ ಎಂ.ಟೆಕ್.

ಮೊದಲನೆಯದರಲ್ಲಿ ಎರಡು ವರ್ಷ, ಒಟ್ಟು 64 ಕ್ರೆಡಿಟ್. ಒಂದು ವಿಷಯಕ್ಕೆ ‘3:0’ ಎಂದು ಬರೆದಿದ್ದರೆ ಮೂರು ಕ್ರೆಡಿಟ್ ತರಗತಿಯ ಪಾಠಕ್ಕೆ, ಪ್ರಯೋಗಾಲಯಕ್ಕೆ ಸೊನ್ನೆ ಎಂದರ್ಥ. ದ್ರವಗಳ ಚಲನೆ, ಘನವಸ್ತುಗಳ ಬಲವಿಜ್ಞಾನ, ಉಷ್ಣಶಾಸ್ತ್ರ, ಎಂಜಿನಿಯರಿಂಗ್ ಗಣಿತದಂಥ ವಿಷಯಗಳ ಪಾಠ, ವಾರವಾರ ಮನೆಗೆಲಸ, ಪರೀಕ್ಷೆ; ಕೊನೆಗೆ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಒಂದು ಪ್ರಾಜೆಕ್ಟು. ಎರಡನೆಯದರಲ್ಲಿ ಪಾಠ ಕಡಿಮೆ. ಒಂದೇ ಸಮಸ್ಯೆಯನ್ನು ಹಿಡಿದು ಪ್ರಯೋಗ ಅಥವಾ ಲೆಕ್ಕಾಚಾರ ನಡೆಸಿ ಪ್ರಬಂಧ ಬರೆಯಬೇಕು. ಅದು ಮುಗಿಯುವ ದಿನವನ್ನು ಕ್ಯಾಲೆಂಡರಿಗಿಂತ ಹೆಚ್ಚಾಗಿ ಕೆಲಸವೇ ನಿರ್ಧರಿಸುತ್ತದೆ.

ಕೆನಡಾದಲ್ಲೂ ಇದೇ ಭೇದವಿದೆ. ಅಲ್ಲಿ ‘ಎಂ.ಎಂಜ್.’ ಎಂಬುದು ಸಾಮಾನ್ಯವಾಗಿ ಪಾಠದ ಪದವಿ, ‘ಎಂ.ಎ.ಎಸ್ಸಿ.’ ಪ್ರಬಂಧದ ಪದವಿ. ಪ್ರಬಂಧದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಪ್ರಾಧ್ಯಾಪಕರ ಸಂಶೋಧನಾ ನಿಧಿಯಿಂದಲೋ ವಿಶ್ವವಿದ್ಯಾಲಯದಿಂದಲೋ ಹಣಕಾಸಿನ ನೆರವು ದೊರೆಯುತ್ತದೆ. ಪಾಠದ ವಿದ್ಯಾರ್ಥಿ ಬಹುಮಟ್ಟಿಗೆ ತನ್ನ ಕೈಯಿಂದಲೇ ಶುಲ್ಕ ಕಟ್ಟಬೇಕು. ಬಣ್ಣದ ಕೈಪಿಡಿಯಲ್ಲಿ ಈ ಸಂಗತಿ ಎದ್ದು ಕಾಣುವುದಿಲ್ಲ. ಮುಂದೆ ಪಿಎಚ್.ಡಿ. ಮಾಡುವ ಆಸೆಯಿದ್ದವರಿಗೆ ಪ್ರಬಂಧದ ದಾರಿಯೇ ನೇರವಾದದ್ದು ಎಂಬುದೂ ನೆನಪಿರಲಿ.

ಎರಡು ವರ್ಷದಲ್ಲಿ ಕಲಿಯುವುದೇನು?

‘ಬಿ.ಇ.ಯಲ್ಲಿ ಓದಿದ್ದನ್ನೇ ಮತ್ತೆ ಓದಬೇಕೇ?’ ಎಂದು ಆ ತಂದೆ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಅವರ ವರ್ಕ್‌ಶಾಪಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಒಂದು ಷಾಫ್ಟು ಮುರಿದರೆ ಅದು ಸಾಮಾನ್ಯವಾಗಿ ನಡುವಿನ ನಯವಾದ ಭಾಗದಲ್ಲಿ ಮುರಿಯುವುದಿಲ್ಲ. ದಪ್ಪ ಭಾಗ ಸಣ್ಣದಾಗುವ ಮೆಟ್ಟಿಲಿನಲ್ಲೋ, ಕೀ ಕೂರಿಸುವ ಗಾಡಿಯ ಮೂಲೆಯಲ್ಲೋ ಮುರಿಯುತ್ತದೆ. ಅಲ್ಲಿ ಒತ್ತಡ ಗುಂಪುಗೂಡುತ್ತದೆ. ಅಗಲವಾದ ತಗಡಿನ ನಡುವೆ ಒಂದು ಸಣ್ಣ ದುಂಡು ತೂತು ಕೊರೆದು ತಗಡನ್ನು ಎಳೆದರೆ, ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಜರ್ಮನಿಯ ಕಿರ್ಷ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ. ಬಿ.ಇ. ವಿದ್ಯಾರ್ಥಿ ಈ ‘ಮೂರು’ ಎಂಬ ಅಂಕಿಯನ್ನು ಬಲ್ಲ. ಅದು ಮೂರೇ ಏಕೆ ಎಂಬುದನ್ನು ಸಮೀಕರಣದಿಂದ ಬಿಡಿಸಿ ತೋರಿಸುವುದು ಎಂ.ಟೆಕ್. ತರಗತಿಯ ಕೆಲಸ.

ಇಂದು ಇಂಥ ಲೆಕ್ಕಗಳನ್ನು ಕಂಪ್ಯೂಟರ್ ಮಾಡುತ್ತದೆ. ವಸ್ತುವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಂಗಡಿಸಿ, ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಒತ್ತಡದ ಚಿತ್ರ ಕೊಡುವ ಈ ಕ್ರಮಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರು. ಮೂರು ತಿಂಗಳ ತರಬೇತಿಯಲ್ಲಿ ಸಾಫ್ಟ್‌ವೇರ್ ಓಡಿಸಲು ಕಲಿಯಬಹುದು. ಆದರೆ ಒಳಮುಖವಾದ ಚೂಪು ಮೂಲೆಯೊಂದರಲ್ಲಿ ತುಣುಕುಗಳನ್ನು ಸಣ್ಣದು ಮಾಡಿದಷ್ಟೂ ಒತ್ತಡದ ಅಂಕಿ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಇದು ಯಂತ್ರದ ದೋಷವಲ್ಲ. ಪೂರ್ತಿ ಚೂಪಾದ ಮೂಲೆಯಲ್ಲಿ ಸ್ಥಿತಿಸ್ಥಾಪಕತೆಯ ಗಣಿತವೇ ಅನಂತವನ್ನು ತೋರಿಸುತ್ತದೆ. ಇದನ್ನು ತಿಳಿಯದವನು ಯಾವುದೋ ಒಂದು ಅಂಕಿಯನ್ನು ನಂಬಿ ವರದಿ ಬರೆಯುತ್ತಾನೆ. ತಿಳಿದವನು ಅಲ್ಲಿ ನಿಂತು ಯೋಚಿಸುತ್ತಾನೆ. ಎರಡು ವರ್ಷದ ಪಾಠದಿಂದ ಸಿಗಬೇಕಾದದ್ದು ಈ ನಿಂತು ಯೋಚಿಸುವ ಗುಣ.

ಇದು ಬರೀ ಪುಸ್ತಕದ ಮಾತಲ್ಲ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಹೊರಕವಚದಲ್ಲಿ ಕೊರೆದ ತೆರಪುಗಳ ಮೂಲೆಗಳಲ್ಲಿ ಒತ್ತಡ ಕೂಡಿಕೊಂಡು, ಹಾರಾಟದಿಂದ ಹಾರಾಟಕ್ಕೆ ಲೋಹ ದಣಿದು ಬಿರುಕು ಬೆಳೆದಿತ್ತೆಂದು ತನಿಖೆಯಿಂದ ಗೊತ್ತಾಯಿತು.

ಗೇಟ್ ಎಂಬ ಬಾಗಿಲು

ನಮ್ಮ ದೇಶದಲ್ಲಿ ಈ ಓದಿಗೆ ಸೈಟು ಅಡವಿಡಬೇಕಾಗಿಲ್ಲ. ಗೇಟ್ ಪರೀಕ್ಷೆ ಮೂರು ಗಂಟೆಯದು. 65 ಪ್ರಶ್ನೆ, 100 ಅಂಕ. ಮೆಕ್ಯಾನಿಕಲ್ ಪತ್ರಿಕೆಯಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, ಸುಮಾರು 13 ಗಣಿತಕ್ಕೆ, ಉಳಿದದ್ದು ವಿಷಯಕ್ಕೆ. ಒಂದೇ ಸರಿಯುತ್ತರವಿರುವ ಪ್ರಶ್ನೆಗೆ ತಪ್ಪು ಬರೆದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಫಲಿತಾಂಶಕ್ಕೆ ಮೂರು ವರ್ಷ ಬೆಲೆಯುಂಟು, ಬಿ.ಇ. ಮೂರನೇ ವರ್ಷದಲ್ಲಿರುವವರೂ ಬರೆಯಬಹುದು.

ಗೇಟ್ ಮೂಲಕ ಪೂರ್ಣಾವಧಿ ಎಂ.ಟೆಕ್. ಸೇರುವವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನದ ಏರ್ಪಾಡಿದೆ. ಐಐಟಿಗಳಿಗೂ ವಿಜ್ಞಾನ ಸಂಸ್ಥೆಗೂ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು. ಸುರತ್ಕಲ್ ಸೇರಿದಂತೆ ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಒಂದೇ ಕೌನ್ಸೆಲಿಂಗ್. ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ ದಾರಿಯೂ ಇದೆ.

ಸೇರುವ ಮುನ್ನ ಮೂರು ಪ್ರಶ್ನೆ

ಆ ಹುಡುಗನಿಗೆ ನಾನು ಮೂರು ಪ್ರಶ್ನೆ ಕೇಳಿದೆ. ಓದು ಮುಗಿದ ಮೇಲೆ ಏನು ಕೆಲಸ ಮಾಡಬೇಕೆಂದಿದ್ದೀಯೆ? ಈ ಓದು ಬೇಕಾಗಿದೆಯೋ, ಅಥವಾ ಕೆಲಸ ಸಿಗದ ಭಯಕ್ಕೆ ಎರಡು ವರ್ಷ ಮರೆಯಾಗಿರಲು ಒಂದು ಜಾಗ ಬೇಕಾಗಿದೆಯೋ? ಅಂದುಕೊಂಡಂತೆ ಆಗದಿದ್ದರೆ ಸಾಲ ತೀರಿಸುವವರು ಯಾರು?

ಮೊದಲ ಎರಡಕ್ಕೆ ತಡವರಿಸಿದ. ಮೂರನೆಯದಕ್ಕೆ ತಂದೆಯ ಮುಖ ನೋಡಿ ತಲೆ ತಗ್ಗಿಸಿದ. ಕೆನಡಾಕ್ಕೆ ಹೋಗಲೇಬಾರದೆಂದು ನಾನು ಹೇಳಲಿಲ್ಲ. ಅನುಕೂಲವಿದ್ದವರು, ಗುರಿ ಸ್ಪಷ್ಟವಿದ್ದವರು ಹೋಗಿ ಚೆನ್ನಾಗಿಯೇ ಇದ್ದಾರೆ. ಮೊದಲು ಇಲ್ಲಿನ ಬಾಗಿಲು ತಟ್ಟಿ ನೋಡು ಎಂದೆನಷ್ಟೇ.

ಆ ವರ್ಷದ ಗೇಟ್‌ನಲ್ಲಿ ಅವನಿಗೆ ಒಳ್ಳೆಯ ಅಂಕ ಬರಲಿಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಓದಿ, ಮರುವರ್ಷ ಮತ್ತೆ ಬರೆದ. ಈಗ ಕೋರ್ಸ್ ಆಧಾರಿತ ಎಂ.ಟೆಕ್.ನ ಎರಡನೇ ವರ್ಷದಲ್ಲಿದ್ದಾನೆ. ಸೈಟು ಹಾಗೆಯೇ ಇದೆ.

ಈ ಬಾರಿ ಆಯುಧಪೂಜೆಗೆ ಅವರ ವರ್ಕ್‌ಶಾಪಿಗೆ ಕರೆದಿದ್ದರು. ಗುಜರಿಗೆ ಹಾಕಿದ್ದ ಮುರಿದ ಷಾಫ್ಟೊಂದನ್ನು ಹುಡುಗ ಎತ್ತಿ ತೋರಿಸಿದ. ಮುರಿದ ಮುಖದ ಮೇಲೆ, ಅಲೆ ಹಿಂದೆ ಸರಿದಾಗ ಮರಳಿನಲ್ಲಿ ಉಳಿಯುವಂಥ ಗೆರೆಗಳಿದ್ದವು. ‘ಇದು ಒಂದೇ ದಿನಕ್ಕೆ ಮುರಿದದ್ದಲ್ಲ ಅಪ್ಪ. ಈ ಮೂಲೆಯಲ್ಲಿ ಶುರುವಾಗಿ ಬಹಳ ದಿನದಿಂದ ಬಿರುಕು ಬೆಳೆದಿದೆ. ಮೂಲೆಯನ್ನು ದುಂಡು ಮಾಡಿದ್ದರೆ ಇನ್ನಷ್ಟು ಕಾಲ ಬಾಳುತ್ತಿತ್ತು.’

ತಂದೆ ನಕ್ಕರು. ‘ದುಂಡು ಮಾಡು ಅಂತ ನನಗೆ ಕೆಲಸ ಕಲಿಸಿದವರೂ ಹೇಳ್ತಿದ್ದರು ಮೇಷ್ಟ್ರೇ. ಯಾಕೆ ಅಂತ ಹೇಳಿರಲಿಲ್ಲ. ಅವಸರದಲ್ಲಿ ನಾನೂ ಎಷ್ಟೋ ಸಲ ಬಿಟ್ಟಿದ್ದೀನಿ’ ಎಂದು, ಮಗನ ಕೈಯಿಂದ ಷಾಫ್ಟು ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.