ಘೇಂಡಾಮೃಗದ ಲೆಕ್ಕಪತ್ರ

ನೇಪಾಳ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಎವರೆಸ್ಟ್. ಆ ಶಿಖರವಿರುವ ಸಾಗರಮಾಥಾ ರಾಷ್ಟ್ರೀಯ ಉದ್ಯಾನ ಮತ್ತು ಕಠ್ಮಂಡು ಕಣಿವೆ 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬುದ್ಧ ಹುಟ್ಟಿದ ಲುಂಬಿನಿ ಸೇರಿದ್ದು 1997ರಲ್ಲಿ. ಆದರೆ ನಾನು ಬರೆಯುತ್ತಿರುವುದು 1984ರಲ್ಲಿ ಸೇರಿದ ಚಿತವನ್ ಕಾಡಿನ ಬಗ್ಗೆ. ಅದರ ಕತೆ ಓದುವಾಗ ನನಗೆ ಅಕೌಂಟೆನ್ಸಿಯ ಪಾಲುದಾರಿಕೆ ಅಧ್ಯಾಯ ನೆನಪಾಯಿತು.

ಚಿತವನ್ ಇರುವುದು ಹಿಮದ ಬೆಟ್ಟದಲ್ಲಲ್ಲ, ಭಾರತದ ಗಡಿಯ ಕಡೆಗಿನ ತರಾಯ್ ತಗ್ಗಿನಲ್ಲಿ. ಮೊದಲು ಅಲ್ಲಿ ಮಲೇರಿಯಾ ಎಷ್ಟಿತ್ತೆಂದರೆ, ಥಾರು ಜನರನ್ನು ಬಿಟ್ಟರೆ ನೆಲೆಸಿದವರು ಕಡಿಮೆ. 1950ರ ದಶಕದಲ್ಲಿ ಡಿಡಿಟಿ ಸಿಂಪಡಣೆ ಶುರುವಾಯಿತು. ಬೆಟ್ಟದ ಜನ ಇಳಿದು ಬಂದು ಕಾಡು ಕಡಿದು ಗದ್ದೆ ಮಾಡಿದರು. 1960ರ ದಶಕದ ಕೊನೆಗೆ ಒಂಟಿ ಕೊಂಬಿನ ಘೇಂಡಾಮೃಗಗಳು ಸುಮಾರು ನೂರು ಮಾತ್ರ ಉಳಿದಿದ್ದವು. (ನಮ್ಮ ಮನೆಯ ಉರ್ದುವಿನಲ್ಲಿ ಇದು ಗೇಂಡಾ. ನೇಪಾಳಿಯಲ್ಲೂ ಹೆಚ್ಚುಕಡಿಮೆ ಅದೇ ಹೆಸರು!) 1973ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಕಾವಲಿಗೆ ಸೈನ್ಯ ಬಂತು. 2021ರ ಗಣತಿಯಲ್ಲಿ ನೇಪಾಳದ 752 ಘೇಂಡಾಮೃಗಗಳಲ್ಲಿ 694 ಚಿತವನ್‌ನಲ್ಲೇ ಇದ್ದವು.

ಇದು ಜಮೆಯ ಬದಿ. ಖರ್ಚಿನ ಬದಿಯಲ್ಲಿ ಇರುವವರು ಸುತ್ತಲಿನ ಹಳ್ಳಿಯವರು. ಉದ್ಯಾನಕ್ಕಾಗಿ ಕೆಲವು ಹಳ್ಳಿಗಳನ್ನೇ ಎಬ್ಬಿಸಿದರು. ಹೊಳೆಯಲ್ಲಿ ಮೀನು ಹಿಡಿದು ಬದುಕುತ್ತಿದ್ದ ಬೋಟೆ, ಮಾಝಿ ಜನರಿಗೆ ಆ ಹೊಳೆಗೇ ನಿರ್ಬಂಧ ಬಂತು. ರಾತ್ರಿ ಘೇಂಡಾಮೃಗ ಬಂದು ಭತ್ತ ಮೇಯುತ್ತದೆ, ಎದುರಿಗೆ ಸಿಕ್ಕವರನ್ನು ಕೊಂದದ್ದೂ ಇದೆ.

ಬಂಡವಾಳ ಹಾಕಿದವರಿಗೆ ಲಾಭದಲ್ಲಿ ಪಾಲು ಬೇಡವೇ? ಬೇಕೆಂದು ನೇಪಾಳ ಸರ್ಕಾರವೂ ಒಪ್ಪಿತು. 1996ರಲ್ಲಿ ಕಾಡಿನ ಸುತ್ತ ಬಫರ್ ವಲಯ ಘೋಷಿಸಿ, ಉದ್ಯಾನದ ಆದಾಯದಲ್ಲಿ ಶೇ. 30ರಿಂದ 50ರಷ್ಟನ್ನು ಅಲ್ಲಿನ ಜನರ ಅಭಿವೃದ್ಧಿಗೆ ಕೊಡುವ ನಿಯಮ ಬಂತು. ಈ ಹಣದಿಂದ ಬೇಲಿ, ರಸ್ತೆ, ಶಾಲೆಯ ಕೆಲಸಗಳು ನಡೆಯುತ್ತವೆ. ನನಗೆ ಇದು ಬಹಳ ಇಷ್ಟವಾಯಿತು. ಆದರೆ ಪ್ರವಾಸಿಗರು ಹೆಚ್ಚಾಗಿ ಇಳಿಯುವುದು ಸೌರಾಹಾ ಎಂಬ ಒಂದೇ ಊರಿನ ಸುತ್ತಮುತ್ತ. ಹೋಟೆಲ್ ಇಟ್ಟವರಿಗೂ ಭತ್ತ ಕಳೆದುಕೊಂಡವರಿಗೂ ಲಾಭದ ಅನುಪಾತ ಒಂದೇ ಎಂದು ನಾನಂತೂ ಬರೆಯಲಾರೆ.

ವರ್ಷಕ್ಕೊಮ್ಮೆ ಕೆಲವು ದಿನ ಹಳ್ಳಿಯವರನ್ನು ಕಾಡಿನೊಳಗೆ ಬಿಡುತ್ತಾರೆ, ಮನೆ ಹೊದಿಸುವ ಹುಲ್ಲು ಕೊಯ್ಯಲು. ಮೊದಲು ಇಪ್ಪತ್ತು ದಿನಗಳಷ್ಟಿದ್ದ ಆ ಅವಧಿ ವರ್ಷಗಳು ಕಳೆದಂತೆ ಕಡಿಮೆಯಾಗುತ್ತ ಬಂದಿದೆ.