ಪರದೇಶದಲ್ಲಿ ನಮ್ಮ ಹೆಣ್ಣುಮಕ್ಕಳ ಉದ್ಯೋಗ

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಮದುವೆಯಾಗಿ ಪರಸ್ಥಳಕ್ಕೆ ಹೋಗುವುದು ಹೊಸ ಸಂಗತಿಯಲ್ಲ. ಹಿಂದೆ ಪರಸ್ಥಳವೆಂದರೆ ತುಮಕೂರೋ ಹಾಸನವೋ ಆಗಿದ್ದಿತು; ಬಹಳ ದೂರವೆಂದರೆ ಮುಂಬಯಿ. ಈಗಲಾದರೋ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಯಾವ ಬೀದಿಯಲ್ಲಿ ವಿಚಾರಿಸಿದರೂ, ಮಗಳೋ ಸೊಸೆಯೋ ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ, ಜರ್ಮನಿಯಲ್ಲಿ ಅಥವಾ ಕೊಲ್ಲಿಯ ದೇಶಗಳಲ್ಲಿ ಇರುವಳೆಂಬ ಮಾತು ಕೇಳಿಬರುವುದು. ಇವರಲ್ಲಿ ಅನೇಕರು ಇಲ್ಲಿ ಉಪಾಧ್ಯಾಯಿನಿಯರಾಗಿಯೋ ದಾದಿಯರಾಗಿಯೋ ಇಂಜಿನಿಯರುಗಳಾಗಿಯೋ ದುಡಿಯುತ್ತಿದ್ದವರು. ಅಲ್ಲಿಗೆ ಹೋದ ಮೇಲೆ ಅವರ ವಿದ್ಯೆಯ ಗತಿಯೇನೆಂಬುದನ್ನು ಹೆತ್ತವರು ವಿಚಾರಿಸುವುದು ಅಪರೂಪ.

ಕೆಲವು ಕಾಲದ ಹಿಂದೆ ಇಂಗ್ಲೆಂಡಿನಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೆ ಪತ್ರ ಬರೆದಿದ್ದಳು. ಆಕೆ ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳುತ್ತಿದ್ದವಳು. ತನ್ನ ಬಿ.ಎಡ್. ಸರ್ಟಿಫಿಕೇಟು ಮೂರು ವರ್ಷಗಳ ಕಾಲ ಪೆಟ್ಟಿಗೆಯ ತಳದಲ್ಲಿ, ಧಾರೆಯ ಸೀರೆಯ ಕೆಳಗೆ ಮಲಗಿದ್ದಿತೆಂದೂ, ಯಾರೂ ಅದನ್ನು ಕೇಳಲಿಲ್ಲವಾದುದರಿಂದ ತಾನೂ ತೋರಿಸಲಿಲ್ಲವೆಂದೂ ಆಕೆ ತಿಳಿಸಿದ್ದಳು. ಆ ಪತ್ರವನ್ನು ಓದಿದಂದಿನಿಂದ ಈ ವಿಷಯವನ್ನು ಕುರಿತು ಬರೆಯಬೇಕೆಂಬ ಆಸೆ ನಮಗುಂಟಾಯಿತು. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಪರದೇಶದಲ್ಲಿ ಉದ್ಯೋಗ ಹುಡುಕುವ ಕೆಲಸವು ವಿಮಾನದಿಂದ ಇಳಿದ ಮೇಲೆ ಅಲ್ಲ, ಹತ್ತುವುದಕ್ಕೆ ಮೊದಲೇ, ಈ ಊರಿನಲ್ಲಿಯೇ ಆರಂಭವಾಗತಕ್ಕದ್ದು.

ಇದಕ್ಕೆ ಕಾರಣವನ್ನು ತಿಳಿಯಲು ನಮ್ಮ ಬಡಾವಣೆಯನ್ನೇ ನೋಡಬಹುದು. 1949ನೆಯ ಇಸವಿಯಲ್ಲಿ ರಾಜಾಜಿಯವರ ಹೆಸರಿನಲ್ಲಿ ಇಲ್ಲಿ ಕೈಗಾರಿಕೆಯ ಉಪನಗರವು ಹುಟ್ಟಿಕೊಂಡಿತು. ಅನೇಕ ಜಿಲ್ಲೆಗಳಿಂದಲೂ ನೆರೆಯ ಪ್ರಾಂತಗಳಿಂದಲೂ ಬಂದು ಇಲ್ಲಿಯ ಕಾರ್ಖಾನೆಗಳನ್ನು ಸೇರಿದವರೆಲ್ಲರೂ ಒಂದು ಕಾಲಕ್ಕೆ ಹೊಸಬರೇ. ಆದರೆ ಹಳ್ಳಿಯಿಂದ ಬಂದವನಿಗೆ ಅದೇ ಹಳ್ಳಿಯವನೊಬ್ಬನು ಕಾರ್ಖಾನೆಯೊಳಗೆ ಇರುತ್ತಿದ್ದನು. ‘ಇವನು ನಮ್ಮವನು, ಒಳ್ಳೆಯ ಹುಡುಗ’ ಎಂದು ಅವನು ಹೇಳಿದರೆ ಬಾಗಿಲು ತೆರೆಯುತ್ತಿತ್ತು. ಸಮುದ್ರದಾಚೆ ಹಾಗೆ ಹೇಳುವವರಿಲ್ಲ. ನಮ್ಮ ಕಾಲೇಜಿನ ಹೆಸರನ್ನು ಅಲ್ಲಿಯ ಯಜಮಾನನು ಕೇಳಿಯೇ ಇರುವುದಿಲ್ಲ. ಪರಿಚಯಸ್ಥರ ಮಾತು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಕಾಗದಪತ್ರಗಳೇ ಮಾಡಬೇಕಾಗಿರುವುದರಿಂದ, ಆ ಕಾಗದಗಳಿಗೆ ಬಾಯಿ ಬರುವಂತೆ ಮಾಡುವುದೇ ಮೊದಲ ಕಾರ್ಯ.

ಎಲ್ಲಕ್ಕಿಂತ ಮುಂಚೆ ತಿಳಿಯಬೇಕಾದುದು, ಆ ದೇಶದಲ್ಲಿ ಕೆಲಸ ಮಾಡಲು ಅನುಮತಿ ಉಂಟೇ ಎಂಬುದು. ಬೈಬಲಿನ ರೂತಳ ಕಥೆ ನಮ್ಮ ವಿದ್ಯಾರ್ಥಿನಿಯರಿಗೆಲ್ಲ ಗೊತ್ತು. ಅತ್ತೆಯೊಡನೆ ಪರದೇಶಕ್ಕೆ ಬಂದ ಆಕೆ ಬೇರೆಯವರ ಹೊಲದಲ್ಲಿ ಹಕ್ಕಲಾಯಲು ಹೊರಟಳು. ಪರದೇಶಸ್ಥರು ಹಾಗೆ ಆಯ್ದುಕೊಳ್ಳಬಹುದೆಂಬ ಕಟ್ಟಳೆ ಆ ನಾಡಿನಲ್ಲಿದ್ದುದರಿಂದಲೇ ಆಕೆಗೆ ಅದು ಸಾಧ್ಯವಾಯಿತು. ಇಂದಿನ ಕಟ್ಟಳೆಗೆ ವೀಸಾ ಎಂದು ಹೆಸರು. ಗಂಡನೊಡನೆ ಹೋಗುವ ಹೆಂಡತಿಯ ವೀಸಾ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯದಲ್ಲ. ಇಂಗ್ಲೆಂಡಿಗೆ ಕುಶಲ ಉದ್ಯೋಗಿಯ ಹೆಂಡತಿಯಾಗಿ ಹೋದವಳು ಬಹುಮಟ್ಟಿಗೆ ಯಾವ ಕೆಲಸವನ್ನಾದರೂ ಸೇರಬಹುದು. ಅಮೆರಿಕದಲ್ಲಿ ಹಾಗಲ್ಲ. ಎಚ್-1ಬಿ ವೀಸಾದವನ ಹೆಂಡತಿಗೆ ಕೊಡುವ ಎಚ್-4 ವೀಸಾದೊಡನೆ ದುಡಿಯುವ ಅಧಿಕಾರವು ತಾನಾಗಿ ಬರುವುದಿಲ್ಲ. ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಗೊತ್ತಾದ ಹಂತವನ್ನು ಮುಟ್ಟಿದ್ದರೆ ಹೆಂಡತಿಯು ಪ್ರತ್ಯೇಕವಾಗಿ ಅನುಮತಿ ಬೇಡಬಹುದೆಂಬ ನಿಯಮ 2015ನೆಯ ಇಸವಿಯ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಆ ಹಂತವನ್ನು ಮುಟ್ಟಲು ವರ್ಷಗಳೇ ಹಿಡಿಯುವುದುಂಟು. ಕೆನಡಾ ದೇಶವು 2025ನೆಯ ಇಸವಿಯ ಜನವರಿ 21ರಿಂದ ಈ ಅವಕಾಶವನ್ನು ಕೆಲವು ಉದ್ಯೋಗಗಳವರ ಮತ್ತು ಕೆಲವು ವ್ಯಾಸಂಗಗಳವರ ಹೆಂಡತಿ ಅಥವಾ ಗಂಡನಿಗೆ ಮಾತ್ರ ಮಿತಿಗೊಳಿಸಿತು. ಸಂಬಂಧ ಕುದುರಿಸುವಾಗ ವರನ ಸಂಬಳವೆಷ್ಟು, ಸ್ವಂತ ಮನೆಯುಂಟೇ ಎಂದು ಕೇಳುವ ತಂದೆತಾಯಂದಿರು, ‘ನಮ್ಮ ಹುಡುಗಿ ಅಲ್ಲಿ ಕೆಲಸಕ್ಕೆ ಸೇರಲು ಕಾನೂನಿನ ಅಡ್ಡಿಯುಂಟೇ?’ ಎಂದು ಒಂದು ಮಾತು ಕೇಳಿದರೆ ಮರ್ಯಾದೆಗೆ ಕುಂದೇನೂ ಇಲ್ಲ. ಹದಿನೈದು ಹದಿನಾರು ವರ್ಷ ಓದಿಸಿದವರಿಗೆ ಆ ಪ್ರಶ್ನೆಯನ್ನು ಕೇಳುವ ಹಕ್ಕು ಪೂರ್ಣವಾಗಿ ಇದೆ.

ಎರಡನೆಯದು ವಿದ್ಯಾರ್ಹತೆಯ ಮಾನ್ಯತೆ. ಉದ್ಯೋಗಗಳಲ್ಲಿ ಎರಡು ಬಗೆಯುಂಟು. ಕಚೇರಿಯ ಕೆಲಸ, ಕಂಪ್ಯೂಟರಿನ ಕೆಲಸ ಮೊದಲಾದವುಗಳಲ್ಲಿ ಯಜಮಾನನು ಒಪ್ಪಿದರೆ ಸಾಕು. ದಾದಿ, ವೈದ್ಯೆ ಮೊದಲಾದವರಾದರೋ ಆ ದೇಶದ ಮಂಡಲಿಯಲ್ಲಿ ಹೆಸರು ದಾಖಲಾಗದೆ ಕೆಲಸಕ್ಕೆ ಕೈಯಿಡುವಂತಿಲ್ಲ. ಇಂಗ್ಲೆಂಡಿಗೆ ಹೋಗುವ ದಾದಿಯು ಇಂಗ್ಲಿಷ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಭಾರತದಲ್ಲಿದ್ದುಕೊಂಡೇ ಕಂಪ್ಯೂಟರಿನ ಮೇಲೆ ಒಂದು ಪರೀಕ್ಷೆಯನ್ನು ಬರೆದು, ಅಲ್ಲಿಗೆ ಹೋಗಿ ರೋಗಿಯ ಆರೈಕೆಯನ್ನು ಮಾಡಿತೋರಿಸುವ ಮತ್ತೊಂದು ಪರೀಕ್ಷೆಯನ್ನು ಕೊಡಬೇಕು. ಉಪಾಧ್ಯಾಯಿನಿಯರಿಗೂ ಒಂದು ದಾರಿ ತೆರೆದಿದೆ. ಭಾರತದಲ್ಲಿ ತರಬೇತಿ ಹೊಂದಿ ಗಣಿತ, ವಿಜ್ಞಾನ ಅಥವಾ ಭಾಷೆಗಳನ್ನು 11ರಿಂದ 16 ವಯಸ್ಸಿನ ಮಕ್ಕಳಿಗೆ ಕಲಿಸಲು ಅರ್ಹತೆಯುಳ್ಳವರು, ಇಂಗ್ಲೆಂಡಿನ ಉಪಾಧ್ಯಾಯರ ಮಾನ್ಯತೆಗಾಗಿ ನೇರವಾಗಿ ಅರ್ಜಿ ಹಾಕುವ ಏರ್ಪಾಡು 2023ನೆಯ ಇಸವಿಯ ಫೆಬ್ರವರಿ 1ರಿಂದ ಆರಂಭವಾಯಿತು.

ಇಂತಹ ಅರ್ಜಿಗಳಿಗೆ ನಮ್ಮ ಕೈಯಲ್ಲಿರುವ ಮಾರ್ಕ್ಸ್ ಕಾರ್ಡುಗಳೇ ಯಾವಾಗಲೂ ಸಾಲವು. ಕೆನಡಾಕ್ಕಾಗಿ ಪದವಿಯ ತುಲನೆ ಮಾಡುವ ಸಂಸ್ಥೆಗಳು, ಅಂಕಗಳ ವಿವರವು ವಿಶ್ವವಿದ್ಯಾನಿಲಯದಿಂದಲೇ ನೇರವಾಗಿ ಬರಬೇಕೆಂದು ಕೇಳುವುದುಂಟು. ಇದಕ್ಕೆ ಟ್ರಾನ್‌ಸ್ಕ್ರಿಪ್ಟ್ ಎನ್ನುವರು. ಬೆಂಗಳೂರು ವಿಶ್ವವಿದ್ಯಾನಿಲಯದ ಪದವೀಧರೆಗೆ ಇದು ಕೆಂಗೇರಿಗೆ ಹೋಗುವ ದಾರಿಯಲ್ಲಿರುವ ಜ್ಞಾನಭಾರತಿಯಲ್ಲಿ ದೊರೆಯತಕ್ಕದ್ದು. ವಿಜಯನಗರದಿಂದ ಮೆಟ್ರೋ ರೈಲಿನಲ್ಲಿ ಕೆಲವೇ ನಿಮಿಷಗಳ ಪ್ರಯಾಣ. ಅದೇ ಕಾಗದವನ್ನು ಟೊರಾಂಟೊದಲ್ಲಿ ಕುಳಿತು ತರಿಸಿಕೊಳ್ಳಲು ವಯಸ್ಸಾದ ತಂದೆಯನ್ನು ಕಿಟಕಿಯಿಂದ ಕಿಟಕಿಗೆ ಅಲೆಸಬೇಕಾಗುವುದು. ಸರ್ಟಿಫಿಕೇಟುಗಳ ಮೇಲೆ ಸರಕಾರದ ಮುದ್ರೆಯೂ ಬೇಕಾಗುವುದುಂಟು. ಅಪೋಸ್ಟಿಲ್ ಎಂಬ ಮುದ್ರೆಯ ಒಪ್ಪಂದಕ್ಕೆ ಭಾರತವು 2005ನೆಯ ಇಸವಿಯಲ್ಲಿ ಸೇರಿತು. ಸೇರಿದ ದೇಶಗಳಿಗೆ ನಮ್ಮ ವಿದೇಶಾಂಗ ಮಂತ್ರಾಲಯದ ಆ ಒಂದು ಮುದ್ರೆ ಸಾಕು. ಸೇರದ ದೇಶಗಳಿಗಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಮೂರನೆಯದು ಹೆಸರು. ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ನಮ್ಮ ಪ್ರಾಂತದವರಿಗೆ ಇದರಿಂದ ಬರುವ ತೊಂದರೆ ಅಲ್ಪವಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಅಕ್ಷರಗಳಿರುವುವು; ಒಂದು ಊರಿನದು, ಇನ್ನೊಂದು ತಂದೆಯದು. ಎಸ್.ಎಸ್.ಎಲ್.ಸಿ. ಕಾರ್ಡಿನಲ್ಲಿ ಹಾಗೆಯೇ ಅಚ್ಚಾಗುವುದು. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಬರೆಯಬೇಕು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿದರೆ, ಒಬ್ಬಳೇ ಹೆಂಗಸು ಮೂರು ಕಾಗದಗಳಲ್ಲಿ ಮೂವರಾಗುವಳು. ಉಪನಾಮದ ಸ್ಥಳವನ್ನು ಖಾಲಿ ಬಿಟ್ಟರೆ ಅದೂ ಕಷ್ಟವೇ. ಅಮೆರಿಕದ ವೀಸಾದಲ್ಲಿ ಹೆಸರನ್ನೇ ಉಪನಾಮವೆಂದು ಬರೆದು, ಹೆಸರಿನ ಸ್ಥಳದಲ್ಲಿ ‘ಹೆಸರು ತಿಳಿಯದು’ ಎಂಬರ್ಥದ ಎಫ್.ಎನ್.ಯು. ಎಂಬ ಮೂರು ಅಕ್ಷರಗಳನ್ನು ಹಾಕುವರು. ತಾಯಿತಂದೆಗಳು ಪ್ರೀತಿಯಿಂದಿಟ್ಟ ಹೆಸರುಳ್ಳವಳು ಕಚೇರಿಗಳಲ್ಲಿ ಆ ಅಕ್ಷರಗಳಿಂದ ಕರೆಯಿಸಿಕೊಳ್ಳುವಳು. ಆದುದರಿಂದ ಹೆಸರನ್ನು ಶಾಲೆಗೆ ಸೇರಿಸುವ ದಿನವೇ ಪೂರ್ಣವಾಗಿ ಬರೆಯಿಸಿರಿ. ಹಳೆಯ ಕಾರ್ಡಿನಲ್ಲಿ ತಪ್ಪಿದ್ದರೆ, ಶಾಲೆಯ ಮೂಲಕ ಪರೀಕ್ಷಾ ಮಂಡಲಿಗೆ ತಿದ್ದುಪಡಿಯ ಅರ್ಜಿ ಸಲ್ಲಿಸಲು ಹಿಂಜರಿಯಬೇಡಿರಿ.

ನಾಲ್ಕನೆಯದು ಭಾಷೆ. ಜರ್ಮನಿಯಲ್ಲಿ ದಾದಿಯರ ಕೊರತೆ ಬಹಳ. ಆದರೆ ರೋಗಿಯ ನೋವನ್ನು ಅವನ ಮಾತಿನಲ್ಲಿಯೇ ಕೇಳಿ ತಿಳಿಯಲಾರದವಳನ್ನು ಅಲ್ಲಿಯೂ ಕೆಲಸಕ್ಕೆ ಸೇರಿಸುವುದಿಲ್ಲ. ಬಿ1, ಬಿ2 ಎಂಬ ಮಟ್ಟಗಳವರೆಗೆ ಜರ್ಮನ್ ಕಲಿಯಲು ಹಲವು ತಿಂಗಳ ಶ್ರಮ ಬೇಕು. ಇದು ಅಸಾಧ್ಯವೆನ್ನುವವರಿಗೆ ಒಂದು ನಿದರ್ಶನವನ್ನು ಹೇಳುತ್ತೇವೆ. ಅದೇ ಜರ್ಮನಿಯಿಂದ 1853ನೆಯ ಇಸವಿಯಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲ್ ಅವರು ಕನ್ನಡವನ್ನು ಅಕ್ಷರದಿಂದ ಕಲಿತು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೇ ನಮಗೆ ಕೊಟ್ಟರು. ಅವರು ಕನ್ನಡ ಕಲಿತಷ್ಟನ್ನು ನಮ್ಮ ಹುಡುಗಿಯರಿಂದ ಯಾರೂ ಕೇಳುತ್ತಿಲ್ಲ. ಆಸ್ಪತ್ರೆಯ ಒಂದು ವಾರ್ಡಿಗೆ ಸಾಕಾಗುವಷ್ಟನ್ನು ಮಾತ್ರ ಕೇಳುತ್ತಾರೆ.

ಇನ್ನು ಅರ್ಜಿ ಬರೆಯುವ ಕ್ರಮ. ನಮ್ಮಲ್ಲಿ ಬಯೋಡೇಟಾ ಎಂದರೆ ತಂದೆಯ ಹೆಸರು, ವಯಸ್ಸು, ಮದುವೆಯಾಗಿದೆಯೇ ಎಂಬ ವಿವರ, ಭಾವಚಿತ್ರ ಇವೆಲ್ಲವೂ ಸೇರಿರುತ್ತವೆ. ಇಂಗ್ಲೆಂಡ್, ಅಮೆರಿಕ, ಕೆನಡಾಗಳಲ್ಲಿ ಇವನ್ನು ಬರೆಯುವ ವಾಡಿಕೆಯಿಲ್ಲ. ಒಂದೆರಡು ಪುಟಗಳಲ್ಲಿ, ತಾನು ಮಾಡಿದ ಕೆಲಸವೇನು, ಅದರಿಂದ ಆದ ಫಲವೇನು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ‘ಐದು ವರ್ಷ ಉಪಾಧ್ಯಾಯಿನಿಯಾಗಿದ್ದೆನು’ ಎನ್ನುವುದಕ್ಕಿಂತ, ಎಷ್ಟು ಮಕ್ಕಳಿಗೆ, ಯಾವ ತರಗತಿಗೆ, ಏನನ್ನು ಕಲಿಸಿದೆನೆಂದು ಬರೆಯುವುದು ಲೇಸು. ಹಿಂದಿನ ಮುಖ್ಯೋಪಾಧ್ಯಾಯಿನಿಯಂತಹ ಇಬ್ಬರ ವಿಳಾಸವನ್ನು ಅವರ ಒಪ್ಪಿಗೆ ಪಡೆದು ಕೊಡಬೇಕು; ವಿಚಾರಣೆ ಬಂದರೆ ಅವರು ತಡಮಾಡದೆ ಉತ್ತರ ಬರೆಯುವವರಾಗಿರಬೇಕು. ಜೊತೆಗೆ ಹೊಸ ಪರಿಚಯಗಳನ್ನೂ ಬೆಳೆಸಬೇಕು. ಇಂಗ್ಲೆಂಡಿನ ಕನ್ನಡ ಬಳಗ, ಅಮೆರಿಕದ ಊರೂರುಗಳ ಕನ್ನಡ ಕೂಟಗಳು ರಾಜ್ಯೋತ್ಸವದ ಊಟಕ್ಕೆ ಮಾತ್ರವಲ್ಲ. ಕಾರ್ಖಾನೆಯ ಬಾಗಿಲಿನಲ್ಲಿ ‘ಇವನು ನಮ್ಮವನು’ ಎಂದ ಆ ಹಳ್ಳಿಯವನಂತಹವರು ಅಲ್ಲಿಯೂ ದೊರೆಯಬಹುದು.

ಮೊದಲ ಕೆಲಸವು ಓದಿಗೆ ತಕ್ಕದ್ದಾಗದಿರಬಹುದು. ಎಂ.ಎಸ್‌ಸಿ. ಓದಿದವಳು ಅಂಗಡಿಯಲ್ಲಿ ನಿಲ್ಲಬೇಕಾದೀತು. ಅದರಲ್ಲಿ ಅವಮಾನವಿಲ್ಲ; ಅಲ್ಲಿಯ ಮಾತಿನ ರೀತಿ, ಕೆಲಸದ ಪದ್ಧತಿ, ಒಬ್ಬ ಯಜಮಾನನ ಒಳ್ಳೆಯ ಮಾತು ಇವು ಆ ಕೆಲಸದಿಂದಲೇ ದೊರೆಯುವುವು. ಮಗಳು ಹಾಗೆ ಬರೆದಾಗ ‘ಇದಕ್ಕೇನು ಅಷ್ಟು ಓದಿಸಿದ್ದು!’ ಎಂದು ನಿಟ್ಟುಸಿರು ಬಿಡುವ ತಾಯಂದಿರು, ಆಕೆ ಮುಂದಿನ ಪತ್ರದಲ್ಲಿ ಸತ್ಯವನ್ನು ಬರೆಯದಂತೆ ಮಾಡುವರು. ಆದರೆ ಆ ಮೊದಲ ಮೆಟ್ಟಿಲೇ ಮನೆಯಾಗಬಾರದು. ಮಾನ್ಯತೆಯ ಅರ್ಜಿಯನ್ನು ಬದಿಯಲ್ಲಿಯೇ ನಡೆಸಿಕೊಂಡು ಹೋಗತಕ್ಕದ್ದು.

ಕೊನೆಯದಾಗಿ ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇವೆಂದು ಹಣ ಕೇಳುವ ದಲ್ಲಾಳಿಗಳು ಎಲ್ಲೆಲ್ಲಿಯೂ ಇರುವರು. 1983ನೆಯ ಇಸವಿಯ ವಲಸೆ ಕಾಯಿದೆಯ ಪ್ರಕಾರ, ಸರಕಾರದಲ್ಲಿ ನೋಂದಣಿಯಾಗದ ಏಜೆಂಟನು ಯಾರನ್ನೂ ಪರದೇಶದ ಕೆಲಸಕ್ಕೆ ನೇಮಿಸುವಂತಿಲ್ಲ. ನೋಂದಾಯಿತನಾದರೂ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚಿನ ಶುಲ್ಕವನ್ನು ಕೇಳುವಂತಿಲ್ಲ. ಅಂತಹವರ ಹೆಸರುಗಳನ್ನು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಬಹುದು. ಹತ್ತನೆಯ ತರಗತಿ ತೇರ್ಗಡೆಯಾದವಳ ಪಾಸ್‌ಪೋರ್ಟಿಗೆ ವಲಸೆಯ ಅನುಮತಿ ಬೇಕೆಂಬ ಷರತ್ತು ಅಂಟುವುದಿಲ್ಲ. ನಮ್ಮ ಶಾಲೆಯ ಕೊನೆಯ ಪರೀಕ್ಷೆಯಿಂದ ಇಂತಹದೊಂದು ಪ್ರಯೋಜನವುಂಟೆಂದು ಬಹುಮಂದಿಗೆ ತಿಳಿಯದು. ಆದರೂ ಕೊಲ್ಲಿಯ ದೇಶಗಳೇ ಮೊದಲಾದ ಹದಿನೆಂಟು ದೇಶಗಳಿಗೆ ಹೋಗುವ ದಾದಿಯರಿಗೆ 2015ರಿಂದ ಆ ಅನುಮತಿಯನ್ನು ಕಡ್ಡಾಯ ಮಾಡಲಾಯಿತು. ನಿಯಮಗಳು ಬದಲಾಗುತ್ತಿರುವುವೆಂಬುದನ್ನೂ ಮರೆಯಬಾರದು. ಇಂಗ್ಲೆಂಡ್ ದೇಶವು ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನು 2025ನೆಯ ಇಸವಿಯ ಜುಲೈ 22ರಿಂದ ನಿಲ್ಲಿಸಿತು. ಅಂತಹ ಕೆಲಸದ ಆಸೆ ತೋರಿಸಿ ಹಣ ಕೇಳುವವನನ್ನು ನಂಬಿ ತಾಯಿಯ ಬಳೆಗಳನ್ನು ಅಡವಿಡಬಾರದು.

ಆ ಇಂಗ್ಲೆಂಡಿನ ವಿದ್ಯಾರ್ಥಿನಿಯ ವಿಷಯವನ್ನು ಹೇಳಿ ಮುಗಿಸುತ್ತೇವೆ. ಆಕೆ ಕೊನೆಗೆ ಪೆಟ್ಟಿಗೆಯನ್ನು ತೆರೆದಳು. ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇದ್ದುದರಿಂದ ಪತ್ರವ್ಯವಹಾರದಲ್ಲಿಯೇ ಎಂಟು ತಿಂಗಳು ಕಳೆದುವು. ಇಲ್ಲಿದ್ದಾಗಲೇ ಮಾಡಿಕೊಂಡಿದ್ದರೆ ಕೆಲವು ವಾರಗಳ ಕೆಲಸ. ಈಗ ಆಕೆ ಅಲ್ಲಿಯ ಮಕ್ಕಳಿಗೆ ಗಣಿತ ಕಲಿಸುತ್ತಿರುವಳು. ‘ಕರಿಹಲಗೆಯ ಮುಂದೆ ನಿಂತ ದಿನ ನಾನು ಮತ್ತೆ ನಾನಾದೆ’ ಎಂದು ಆಕೆ ಬರೆದಳು.

ಹೆತ್ತವರೇ, ಮಗಳ ಪ್ರಯಾಣಕ್ಕೆ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಕಟ್ಟಿಕೊಡುವಾಗ, ಕಾಗದಗಳ ಒಂದು ಕಟ್ಟನ್ನೂ ಸರಿಪಡಿಸಿಕೊಡಿರಿ. ಅದನ್ನು ಪೆಟ್ಟಿಗೆಯ ತಳದಲ್ಲಿಡದೆ ಮೇಲೆಯೇ ಇಡಿರಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಸರಿನ ತಿದ್ದುಪಡಿಗಾಗಿ ಶಾಲೆಯ ಬಾಗಿಲಿಗೆ ಬಂದರೆ, ಎಷ್ಟು ವರ್ಷಗಳು ಸಂದಿದ್ದರೂ, ನಮ್ಮ ದಾಖಲೆ ಪುಸ್ತಕದಲ್ಲಿ ಅವರ ಹೆಸರನ್ನು ಹುಡುಕಿ ತೆಗೆಯಲು ನಾವು ಸಿದ್ಧರಾಗಿದ್ದೇವೆ.