ಚಿತ್ರದ ವಿಳಾಸದಲ್ಲಿರುವ ಕತ್ತರಿ



ಹಿಂದೆ ಊರಿನ ಫೋಟೋ ಸ್ಟುಡಿಯೋದಲ್ಲಿ ಭಾವಚಿತ್ರ ತೆಗೆಸಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಕೇಳಿ ನೋಡಿ. ಚಿತ್ರದ ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯುತ್ತಿತ್ತು. ಪಾಸ್‌ಪೋರ್ಟ್ ಅಳತೆಯ ಆರು ಪ್ರತಿ ಬೇಕೆಂದೋ, ಮದುವೆಯ ಗುಂಪುಚಿತ್ರದಲ್ಲಿ ಅಜ್ಜಿಯ ಮುಖವಷ್ಟೇ ದೊಡ್ಡದಾಗಿ ಬೇಕೆಂದೋ ಒಂದು ಚೀಟಿಯಲ್ಲಿ ಬರೆಸಿ ಬಂದರೆ ಸಾಕು, ಕತ್ತಲೆ ಕೋಣೆಯಲ್ಲಿ ಅದೇ ನೆಗೆಟಿವ್‌ನಿಂದ ಕೇಳಿದ ಪ್ರತಿ ಸಿದ್ಧವಾಗುತ್ತಿತ್ತು. ನೆಗೆಟಿವ್‌ಗೆ ಮಾತ್ರ ಯಾರೂ ಕತ್ತರಿ ಹಾಕುತ್ತಿರಲಿಲ್ಲ.

ಅಂತರಜಾಲದ ಎಷ್ಟೋ ಚಿತ್ರಗಳು ಇಂದು ನಮಗೆ ತಲುಪುವುದು ಇದೇ ಕ್ರಮದಲ್ಲಿ. ಮೂಲಚಿತ್ರ ದೂರದ ಗಣಕವೊಂದರಲ್ಲಿ, ಅಂದರೆ ಸರ್ವರ್‌ನಲ್ಲಿ, ಇರುತ್ತದೆ. ಯಾವ ಭಾಗ ಬೇಕು, ಎಷ್ಟು ದೊಡ್ಡದಾಗಿ ಬೇಕು ಎಂಬ ಚೀಟಿಯನ್ನು ಚಿತ್ರದ ವಿಳಾಸದಲ್ಲೇ ಬರೆದಿರುತ್ತಾರೆ. ಯು.ಆರ್.ಎಲ್. ಎಂದು ಕರೆಯುವ ಈ ವಿಳಾಸವನ್ನು ಓದಲು ಕಲಿತರೆ ನಿಮಗೆ ಎರಡು ಲಾಭಗಳಿವೆ. ಬೇಕಾದಷ್ಟೇ ದೊಡ್ಡ ಚಿತ್ರ ತರಿಸಿಕೊಳ್ಳಬಹುದು. ಹಾಗೆಯೇ, ಕಣ್ಣಿಗೆ ಕಾಣದಂತೆ ಕತ್ತರಿಸಿದ್ದೆಲ್ಲ ಅಳಿಸಿಹೋಗಿದೆ ಎಂಬ ತಪ್ಪು ತಿಳಿವಳಿಕೆಯಿಂದ ಪಾರಾಗಬಹುದು. ಈ ಎರಡನೆಯದು ಎಷ್ಟು ಮುಖ್ಯವೆಂಬುದು ಲೇಖನದ ಕೊನೆಯಲ್ಲಿ ನಿಮಗೆ ತಿಳಿಯುತ್ತದೆ.

ಚಿಕ್ಕದಾಗಿ ಕಂಡರೆ ಚಿಕ್ಕದೇ?

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಗಣಕದ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ಸಾಲುಗಳು. ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ 6000, ಎತ್ತರಕ್ಕೆ 4000 ಪಿಕ್ಸೆಲ್‌ಗಳಿರುವ ಒಂದು ಚಿತ್ರವನ್ನು ಊಹಿಸಿಕೊಳ್ಳಿ. ಅದರಲ್ಲಿ ಒಟ್ಟು 2 ಕೋಟಿ 40 ಲಕ್ಷ ಚುಕ್ಕೆಗಳಿವೆ. ಇದರ ಅಗಲವನ್ನು 600ಕ್ಕೆ ಇಳಿಸಿದರೆ ಎತ್ತರ 400 ಆಗುತ್ತದೆ. ಒಟ್ಟು ಚುಕ್ಕೆಗಳು 2 ಲಕ್ಷ 40 ಸಾವಿರ. ಅಗಲ ಹತ್ತರಲ್ಲಿ ಒಂದು ಪಾಲಾದಾಗ ಚುಕ್ಕೆಗಳ ಸಂಖ್ಯೆ ನೂರರಲ್ಲಿ ಒಂದು ಪಾಲಾಯಿತು. ಕಡತದ ತೂಕ ಸರಿಯಾಗಿ ಇದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಜೆಪೆಗ್ ಮುಂತಾದ ವಿಧಾನಗಳು ಚಿತ್ರವನ್ನು ಅಡಕಗೊಳಿಸಿ ಇಡುತ್ತವೆ. ಆದರೂ ಇಳಿತ ಬಹಳ ದೊಡ್ಡದೇ.

ಇಲ್ಲಿ ಹೊಸದಾಗಿ ಪುಟ ರಚಿಸುವವರು ಒಂದು ತಪ್ಪು ಮಾಡುವುದುಂಟು. 6000 ಪಿಕ್ಸೆಲ್ ಅಗಲದ ಚಿತ್ರವನ್ನೇ ಪುಟದಲ್ಲಿಟ್ಟು, ತೋರಿಸುವ ಅಗಲ ಮಾತ್ರ 600 ಎಂದು ಪುಟದ ಸೂತ್ರದಲ್ಲಿ ಬರೆಯುತ್ತಾರೆ. ಪರದೆಯ ಮೇಲೆ ಚಿತ್ರ ಚಿಕ್ಕದಾಗಿಯೇ ಕಾಣುತ್ತದೆ. ಆದರೆ ಓದುಗನ ಫೋನಿಗೆ ಇಡೀ ಕಡತ ಇಳಿದು ಬಂದಿರುತ್ತದೆ. ಒಂದು ಬಟ್ಟಲು ಅಕ್ಕಿ ಬೇಕಾದವನ ಮನೆಗೆ ಇಡೀ ಮೂಟೆ ಹೊರಿಸಿ ಕಳುಹಿಸಿದ ಹಾಗೆ! ಸಿಗ್ನಲ್ ಸರಿಯಾಗಿ ಸಿಗದ ಊರಿನಲ್ಲಿ ಕುಳಿತು ಪುಟ ತೆರೆಯುತ್ತಿರುವ ವಿದ್ಯಾರ್ಥಿಗೆ ಇದರಿಂದ ಸಮಯವೂ ನಷ್ಟ, ಡೇಟಾ ಕೂಡ ನಷ್ಟ. ಚಿತ್ರ ಹೊರಡುವ ಮೊದಲೇ, ಸರ್ವರ್‌ನಲ್ಲೇ ಚಿಕ್ಕದಾಗಬೇಕು. ವಿಳಾಸದಲ್ಲಿ ಅಳತೆ ಬರೆಯುವುದರ ಮುಖ್ಯ ಉದ್ದೇಶ ಇದೇ.

ವಿಳಾಸದ ವ್ಯಾಕರಣ

ಈ ಚೀಟಿ ಬರೆಯುವ ಕ್ರಮ ಎಲ್ಲ ಕಡೆಯೂ ಒಂದೇ ಅಲ್ಲ. ಕೆಲವು ಸೇವೆಗಳು ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಮೇಲೆ ಅಗಲ ಇಷ್ಟು, ಎತ್ತರ ಇಷ್ಟು ಎಂದು ಬರೆಸುತ್ತವೆ. ಇಮ್‌ಜಿಕ್ಸ್ ಎಂಬ ಸೇವೆಯದು ಈ ಪದ್ಧತಿ. ಕ್ಲೌಡಿನರಿ ಎಂಬ ಇನ್ನೊಂದು ಸೇವೆ ಅದನ್ನೇ ವಿಳಾಸದ ನಡುವೆ ಬರೆಸುತ್ತದೆ. ಒಂದೇ ಭಾಷೆಯ ಬೇರೆ ಬೇರೆ ಆಡುನುಡಿಗಳಿದ್ದಂತೆ ಇವು.

ಗ್ರಂಥಾಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ ಇದು ತೊಡಕಾಯಿತು. ಒಂದು ಸಂಸ್ಥೆಯ ಹಸ್ತಪ್ರತಿಯನ್ನು ಇನ್ನೊಂದು ಸಂಸ್ಥೆಯ ಹಸ್ತಪ್ರತಿಯ ಪಕ್ಕದಲ್ಲಿಟ್ಟು ನೋಡಬೇಕಾದರೆ ಎರಡೂ ಕಡೆ ಒಂದೇ ವ್ಯಾಕರಣ ಇರಬೇಕಷ್ಟೆ. ಆದ್ದರಿಂದ 2011ರಲ್ಲಿ ಹಲವು ದೇಶಗಳ ಗ್ರಂಥಾಲಯಗಳು ಸೇರಿ ಟ್ರಿಪಲ್ ಐ ಎಫ್ ಎಂಬ ಸಾಮಾನ್ಯ ವ್ಯವಸ್ಥೆಯೊಂದನ್ನು ರೂಪಿಸತೊಡಗಿದವು. ಚಿತ್ರಗಳ ವಿಳಾಸ ಬರೆಯುವ ನಿಯಮಗಳ ಮೊದಲ ಆವೃತ್ತಿ 2012ರಲ್ಲಿ ಹೊರಬಂತು, ಮೂರನೆಯದು 2020ರಲ್ಲಿ.

ಈ ನಿಯಮದಂತೆ ಚಿತ್ರದ ಗುರುತಿನ ನಂತರ ಐದು ಸಂಗತಿಗಳು ಇದೇ ಕ್ರಮದಲ್ಲಿ ಬರುತ್ತವೆ: ಭಾಗ, ಅಳತೆ, ತಿರುಗಣೆ, ಬಣ್ಣದ ಬಗೆ ಮತ್ತು ಕಡತದ ಜಾತಿ. ಮೊದಲ ನಾಲ್ಕರ ನಡುವೆ ಓರೆಗೆರೆ ಇರುತ್ತದೆ. ಕೊನೆಯದಕ್ಕೆ ಮೊದಲು ಚುಕ್ಕೆ ಇರುತ್ತದೆ. ಒಂದು ಉದಾಹರಣೆ ನೋಡಿ:

ಫುಲ್/843,/0/ಡಿಫಾಲ್ಟ್.ಜೆಪಿಜಿ

(ಓದುವ ಅನುಕೂಲಕ್ಕೆಂದು ಇಲ್ಲಿ ಕನ್ನಡದಲ್ಲಿ ಬರೆದಿದೆ. ಗಣಕದಲ್ಲಿ ಈ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.)

ಇದರ ಅರ್ಥ: ಇಡೀ ಚಿತ್ರವನ್ನು, 843 ಪಿಕ್ಸೆಲ್ ಅಗಲಕ್ಕೆ ಇಳಿಸಿ, ತಿರುಗಿಸದೆ, ಇದ್ದ ಬಣ್ಣದಲ್ಲೇ, ಜೆಪೆಗ್ ಕಡತವಾಗಿ ಕಳುಹಿಸು. 843ರ ಮುಂದಿನ ಅಲ್ಪವಿರಾಮವನ್ನು ಅಲಕ್ಷಿಸಬೇಡಿ. ಅದರ ಆಚೆಗೆ ಎತ್ತರ ಬರೆಯಬೇಕಾಗಿತ್ತು. ಖಾಲಿ ಬಿಟ್ಟಿರುವುದರಿಂದ ಅಗಲಕ್ಕೆ ತಕ್ಕ ಎತ್ತರವನ್ನು ಸರ್ವರ್ ತಾನೇ ಲೆಕ್ಕ ಹಾಕುತ್ತದೆ.

843 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅಮೆರಿಕದ ಶಿಕಾಗೋ ನಗರದ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಸಂಗ್ರಹಾಲಯ ತನ್ನ ಚಿತ್ರಗಳನ್ನು ಬಳಸುವವರಿಗೆ ಸೂಚಿಸಿರುವ ಅಗಲ ಇದು. ಅವರ ಸ್ವಂತ ಜಾಲತಾಣ ಹೆಚ್ಚಾಗಿ ಬಳಸುವ ಅಳತೆಯೂ ಇದೇ ಆದ್ದರಿಂದ, ಈ ಅಳತೆಯ ಪ್ರತಿ ಮೊದಲೇ ತಯಾರಾಗಿ ಕಾದಿರುವ ಸಂಭವ ಹೆಚ್ಚು. 842 ಎಂದು ಕೇಳಿದರೆ ಸರ್ವರ್ ಹೊಸದಾಗಿ ಪ್ರತಿ ಮಾಡಬೇಕಾಗುತ್ತದೆ. ಹೋಟೆಲಿನಲ್ಲಿ ಮೊದಲೇ ಬೆಂದ ಇಡ್ಲಿ ಕೇಳುವುದಕ್ಕೂ ಹೊಸದಾಗಿ ಹಿಟ್ಟು ರುಬ್ಬಿಸುವುದಕ್ಕೂ ಇರುವ ವ್ಯತ್ಯಾಸದಂತೆ ಇದು.

ಒಂದು ಭಾನುವಾರದ ಚಿತ್ರ

ಅದೇ ಸಂಗ್ರಹಾಲಯದಲ್ಲಿರುವ ಒಂದು ಪ್ರಸಿದ್ಧ ಚಿತ್ರವನ್ನು ತೆಗೆದುಕೊಳ್ಳೋಣ. ಫ್ರಾನ್ಸಿನ ಜಾರ್ಜ್ ಸ್ಯೂರಾ 1884ರಿಂದ 1886ರ ನಡುವೆ ರಚಿಸಿದ, ಲಾ ಗ್ರಾಂಡ್ ಜಾಟ್ ದ್ವೀಪದ ಒಂದು ಭಾನುವಾರದ ಚಿತ್ರ ಅದು. ಪ್ಯಾರಿಸ್ ಬಳಿಯ ಸೇನ್ ನದಿಯ ದಡದಲ್ಲಿ ಜನ ವಿರಮಿಸುತ್ತಿದ್ದಾರೆ. ನಡುವೆ ಬಿಳಿ ಉಡುಪಿನ ಪುಟ್ಟ ಹುಡುಗಿ. ಬಲಗಡೆ ಕೊಡೆ ಹಿಡಿದ ಮಹಿಳೆ. ಆ ಮಹಿಳೆಯ ಕಾಲ ಬಳಿ, ಹಗ್ಗ ಕಟ್ಟಿದ ಒಂದು ಸಣ್ಣ ಕೋತಿ! ಚಿತ್ರದ ಅಗಲ ಸುಮಾರು 308 ಸೆಂಟಿಮೀಟರ್, ಎತ್ತರ ಸುಮಾರು 207 ಸೆಂಟಿಮೀಟರ್. ಸ್ಯೂರಾ ಇದನ್ನು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳನ್ನು ಪಕ್ಕಪಕ್ಕ ಇಟ್ಟು ರಚಿಸಿದ. ದೂರದಿಂದ ನೋಡುವ ಕಣ್ಣು ಅವುಗಳನ್ನು ಬೆರೆಸಿಕೊಳ್ಳುತ್ತದೆ.

ಈ ಚಿತ್ರದ ಪ್ರತಿ 6000 ಪಿಕ್ಸೆಲ್ ಅಗಲವಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಒಂದೊಂದು ಪಿಕ್ಸೆಲ್ ಮೂಲದ ಸುಮಾರು ಅರ್ಧ ಮಿಲಿಮೀಟರ್ ಅಗಲವನ್ನು ತೋರಿಸುತ್ತದೆ. ಅಗಲವನ್ನು 600ಕ್ಕೆ ಇಳಿಸಿದರೆ ಒಂದು ಪಿಕ್ಸೆಲ್‌ಗೆ ಸುಮಾರು 5 ಮಿಲಿಮೀಟರ್ ಬರುತ್ತದೆ. ಅದಕ್ಕಿಂತ ಸಣ್ಣದಾದ ಕುಂಚದ ಚುಕ್ಕೆಗಳೆಲ್ಲ ಸೇರಿ ಒಂದೇ ಬಣ್ಣವಾಗಿಬಿಡುತ್ತವೆ. ಕೋತಿ ಇದೆಯೆಂದು ತಿಳಿಯುತ್ತದೆ. ಅದನ್ನು ಚುಕ್ಕೆಗಳಿಂದ ಮಾಡಿದ್ದು ತಿಳಿಯುವುದಿಲ್ಲ.

ಹಾಗಾದರೆ ಕೋತಿಯನ್ನು ಹತ್ತಿರದಿಂದ ನೋಡುವುದು ಹೇಗೆ? ವಿಳಾಸದ ಮೊದಲ ಸಂಗತಿಯಾದ ಭಾಗವನ್ನು ಬದಲಿಸಬೇಕು. ಫುಲ್ ಎಂಬಲ್ಲಿ ನಾಲ್ಕು ಸಂಖ್ಯೆಗಳನ್ನು ಕೊಡಬಹುದು: ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ಕೆಳಗೆ, ಅಲ್ಲಿಂದ ಎಷ್ಟು ಅಗಲ, ಎಷ್ಟು ಎತ್ತರ. ಗಣಿತದ ನಕ್ಷೆಯಲ್ಲಿ ನೀವು ಕೆಳಗಿನಿಂದ ಮೇಲಕ್ಕೆ ಎಣಿಸುತ್ತೀರಿ. ಇಲ್ಲಿ ಮೇಲಿನ ಎಡಮೂಲೆಯಿಂದ ಕೆಳಕ್ಕೆ ಎಣಿಕೆ. ಪಿಕ್ಸೆಲ್‌ಗಳ ಬದಲು ಶೇಕಡಾ ಲೆಕ್ಕವನ್ನೂ ಕೊಡಬಹುದು:

ಪಿಸಿಟಿ:50,50,50,50/600,/0/ಡಿಫಾಲ್ಟ್.ಜೆಪಿಜಿ

ಅರ್ಧ ಅಗಲ ದಾಟಿ, ಅರ್ಧ ಎತ್ತರ ಇಳಿದು, ಅಲ್ಲಿಂದ ಉಳಿದ ಅರ್ಧಗಳನ್ನು ಕೊಡು ಎಂದಂತಾಯಿತು. ಅಂದರೆ ಕೆಳಗಿನ ಬಲಗಾಲು ಭಾಗ. ಕೋತಿ ಇರುವುದು ಅಲ್ಲೇ. ಸರ್ವರ್ ಮೊದಲು ಕತ್ತರಿಸುತ್ತದೆ, ಆಮೇಲೆ ಅಳತೆಗೆ ತರುತ್ತದೆ. ಬಂದ ಚಿತ್ರದ ಅಗಲ ಮೊದಲಿನಂತೆ 600 ಪಿಕ್ಸೆಲ್. ಆದರೆ ಕೋತಿಯ ಪಾಲಿಗೆ ಈಗ ನಾಲ್ಕು ಪಟ್ಟು ಚುಕ್ಕೆಗಳು ಬಂದಿವೆ.

ಎರಡು ಎಚ್ಚರಿಕೆಗಳು

ಅಗಲ, ಎತ್ತರ ಎರಡನ್ನೂ ನೀವೇ ಬರೆದರೆ ಚಿತ್ರ ವಿಕಾರವಾಗಬಹುದು. ಈ ಭಾನುವಾರದ ಚಿತ್ರವನ್ನು 600,600 ಎಂದು ಕೇಳಿದರೆ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ ಕುಗ್ಗುತ್ತದೆ. ಎಲ್ಲರೂ ಸಪೂರವಾಗಿ ಉದ್ದವಾಗಿ ಕಾಣುತ್ತಾರೆ. ಸಂಖ್ಯೆಗಳ ಹಿಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿ !600,600 ಎಂದು ಬರೆದರೆ, ಆ ಚೌಕದೊಳಗೆ ಆಕಾರ ಕೆಡದಂತೆ ಕೂರಿಸು ಎಂದರ್ಥ.

ಎರಡನೆಯದು, ಇಲ್ಲದ ವಿವರವನ್ನು ಯಾವ ವಿಳಾಸವೂ ತಂದುಕೊಡದು. 100 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ತುಣುಕಿನಲ್ಲಿರುವುದು 10 ಸಾವಿರ ಚುಕ್ಕೆಗಳ ಮಾಹಿತಿ. ಅದನ್ನು 1000 ಅಗಲಕ್ಕೆ ಹಿಗ್ಗಿಸಿದರೆ 10 ಲಕ್ಷ ಚುಕ್ಕೆಗಳಾಗುತ್ತವೆ, ಹೆಚ್ಚಿನವೆಲ್ಲ ಅಕ್ಕಪಕ್ಕ ನೋಡಿ ಮಾಡಿದ ಊಹೆ. ಅದಕ್ಕೇ ಮೂರನೆಯ ಆವೃತ್ತಿಯ ನಿಯಮದಲ್ಲಿ, ಹಿಗ್ಗಿಸಬೇಕಾದರೆ ಪ್ರತ್ಯೇಕ ಚಿಹ್ನೆಯೊಂದನ್ನು ಹಾಕಿ ಕೇಳಬೇಕೆಂದಿದೆ.

ಕತ್ತರಿ ಯಾರ ಕೈಯಲ್ಲಿ?

ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನವನ್ನು ಯಂತ್ರಕ್ಕೇ ಬಿಡುವುದೂ ಉಂಟು. ಮುಖ ಇರುವ ಕಡೆ ಉಳಿಸು ಎಂದು ವಿಳಾಸದಲ್ಲೇ ಬರೆಯುವ ಸೌಲಭ್ಯವನ್ನು ಇಮ್‌ಜಿಕ್ಸ್, ಕ್ಲೌಡಿನರಿ ಎರಡೂ ಕೊಡುತ್ತವೆ. ಅನುಕೂಲವೇನೋ ಹೌದು. ಆದರೆ ಟ್ವಿಟರ್ ಸಂಸ್ಥೆಯ ಅನುಭವ ನೆನಪಿಡುವಂಥದು. ನೋಡುಗರ ಕಣ್ಣು ಎಲ್ಲಿಗೆ ಹೋಗುತ್ತದೆಂದು ಊಹಿಸಿ ಚಿತ್ರ ಕತ್ತರಿಸುವ ಯಂತ್ರಕ್ರಮವನ್ನು ಅದು 2018ರಲ್ಲಿ ತಂದಿತು. ಒಂದೇ ಚಿತ್ರದಲ್ಲಿ ಕಪ್ಪು ಜನರೂ ಬಿಳಿ ಜನರೂ ಇದ್ದಾಗ ಬಿಳಿಯರ ಮುಖಗಳೇ ಹೆಚ್ಚಾಗಿ ಉಳಿಯುತ್ತವೆಂದು 2020ರಲ್ಲಿ ಬಳಕೆದಾರರು ದೂರಿದರು. ಸಂಸ್ಥೆಯ ಸಂಶೋಧಕರೇ ಪರೀಕ್ಷಿಸಿ, ಸ್ವಲ್ಪ ಪಕ್ಷಪಾತ ಇರುವುದು ನಿಜವೆಂದು 2021ರಲ್ಲಿ ಪ್ರಕಟಿಸಿದರು. ಚಿತ್ರವನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ಮನುಷ್ಯರೇ ನಿರ್ಧರಿಸುವುದು ಮೇಲು ಎಂಬುದು ಅವರು ಕಂಡುಕೊಂಡ ಪಾಠ.

ಕತ್ತರಿಸಿದ್ದು ಎಲ್ಲಿ ಹೋಯಿತು?

ಈಗ ಮೊದಲು ಹೇಳಿದ ಮುಖ್ಯ ವಿಷಯಕ್ಕೆ ಬರೋಣ. ಕೋತಿಯ ಭಾಗವನ್ನು ತರಿಸಿಕೊಂಡಾಗ ಉಳಿದ ಮುಕ್ಕಾಲು ಚಿತ್ರ ಏನಾಯಿತು? ಏನೂ ಆಗಲಿಲ್ಲ. ಅದು ಸರ್ವರ್‌ನಲ್ಲೇ ಇದೆ. ವಿಳಾಸದಲ್ಲಿನ ಸಂಖ್ಯೆಗಳನ್ನು ತೆಗೆದು ಫುಲ್ ಎಂದು ಬರೆದರೆ ಎಲ್ಲವೂ ಕಾಣುತ್ತದೆ. ಸಂಗ್ರಹಾಲಯದ ಚಿತ್ರದಲ್ಲಿ ಇದು ವರವೇ ಸರಿ. ಯಾರಾದರೂ ಒಂದು ತುಣುಕು ತೋರಿಸಿ ಏನನ್ನಾದರೂ ವಾದಿಸಿದರೆ, ನೀವು ಇಡೀ ಚಿತ್ರವನ್ನು ಕರೆಸಿ ಪರೀಕ್ಷಿಸಬಹುದು.

ಆದರೆ ಇನ್ನೊಂದು ಸಂದರ್ಭ ಊಹಿಸಿ. ಕಾಲೇಜಿನ ಸಂಘವೊಂದು ಸ್ಪರ್ಧೆಯಲ್ಲಿ ಗೆದ್ದವರ ಭಾವಚಿತ್ರಗಳನ್ನು ತನ್ನ ಜಾಲಪುಟದಲ್ಲಿ ಹಾಕಬೇಕಾಗಿದೆ. ಅರ್ಜಿಗಳ ಸ್ಕ್ಯಾನ್ ಪ್ರತಿಗಳು ಕೈಯಲ್ಲಿವೆ. ಪುಟ ಮಾಡುವ ವಿದ್ಯಾರ್ಥಿ ಇಡೀ ಅರ್ಜಿಯನ್ನೇ ಸರ್ವರ್‌ಗೆ ಏರಿಸಿ, ವಿಳಾಸದಲ್ಲಿ ನಾಲ್ಕು ಸಂಖ್ಯೆ ಬರೆದು, ಮೂಲೆಯ ಭಾವಚಿತ್ರ ಮಾತ್ರ ಕಾಣುವಂತೆ ಮಾಡುತ್ತಾನೆ. ಪುಟ ಅಚ್ಚುಕಟ್ಟಾಗಿದೆ. ಆದರೆ ಅದೇ ಅರ್ಜಿಯಲ್ಲಿ ಒಬ್ಬ ಹುಡುಗಿಯ ಮನೆಯ ವಿಳಾಸ, ಫೋನ್ ಸಂಖ್ಯೆ, ಸಹಿ ಎಲ್ಲ ಇವೆ. ವಿಳಾಸ ಓದಲು ಬಲ್ಲ ಯಾರೇ ಆಗಲಿ ಒಂದು ಪದ ಬದಲಿಸಿದರೆ ಅವೆಲ್ಲ ಬಯಲು. ಆ ಹುಡುಗನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಕಿಟಕಿಯನ್ನು ಗೋಡೆಯೆಂದು ಭಾವಿಸಿದ, ಅಷ್ಟೆ.

ಇದಕ್ಕೆ ಪರಿಹಾರ ಸರಳ. ಗುಟ್ಟಾಗಿರಬೇಕಾದ್ದನ್ನು ನಿಮ್ಮ ಗಣಕದಲ್ಲೇ ಕತ್ತರಿಸಿ, ಬೇಕಾದ ಭಾಗವನ್ನು ಹೊಸ ಕಡತವಾಗಿ ಉಳಿಸಿ, ಆ ಕಡತವನ್ನು ಮಾತ್ರ ಏರಿಸಿ. ಕೆಲವು ಸೇವೆಗಳಲ್ಲಿ ವಿಳಾಸಕ್ಕೆ ಗುಪ್ತ ಸಹಿಯೊಂದನ್ನು ಸೇರಿಸುವ ಏರ್ಪಾಡಿದೆ. ಆಗ ಯಾರಾದರೂ ಸಂಖ್ಯೆ ತಿದ್ದಿದರೆ ಸಹಿ ಹೊಂದದೆ ಸರ್ವರ್ ನಿರಾಕರಿಸುತ್ತದೆ. ಅದು ಒಳ್ಳೆಯ ಬೀಗವೇ. ಆದರೂ ಮನೆಯಲ್ಲಿ ಇಡಬಾರದ ವಸ್ತುವನ್ನು ಇಡದಿರುವುದು ಬೀಗಕ್ಕಿಂತ ಭದ್ರ. ಹಾಗೆಯೇ, ಇಂಥ ತಪ್ಪು ನಿಮ್ಮ ಕಣ್ಣಿಗೆ ಬಿದ್ದರೆ ಇಣುಕಿ ನೋಡುತ್ತಾ ಕೂರಬೇಡಿ. ಪುಟ ನಡೆಸುವವರಿಗೆ ತಿಳಿಸಿ.

ಮಾಡಿ ನೋಡಿ

ಸಾರ್ವಜನಿಕರಿಗೆ ತೆರೆದಿರುವ ಸಂಗ್ರಹಾಲಯವೊಂದರ ಚಿತ್ರದ ವಿಳಾಸ ಹುಡುಕಿ. ಅದರ ಐದು ಸಂಗತಿಗಳನ್ನು ಕಾಗದದ ಮೇಲೆ ಬಿಡಿಸಿ ಬರೆಯಿರಿ. ಅಗಲವನ್ನು ಅರ್ಧಕ್ಕೆ ಇಳಿಸಿ, ಕಡತದ ತೂಕ ಎಷ್ಟು ಇಳಿಯಿತೆಂದು ಗುರುತು ಮಾಡಿಕೊಳ್ಳಿ. ಆಮೇಲೆ ನಿಮಗೆ ಇಷ್ಟವಾದ ಒಂದು ಮೂಲೆಯನ್ನು ಕತ್ತರಿಸಿ ಗೆಳೆಯರಿಗೆ ಕಳುಹಿಸಿ, ಇಡೀ ಚಿತ್ರ ಏನಿರಬಹುದೆಂದು ಊಹಿಸಲು ಹೇಳಿ. ಅವರ ಉತ್ತರಗಳನ್ನು ಕೇಳಿದ ಮೇಲೆ, ವಿಳಾಸವನ್ನು ಬದಲಿಸಿ ಪೂರ್ಣ ಚಿತ್ರವನ್ನು ತೆರೆಯುವುದು ಹೇಗೆಂದು ಅವರಿಗೂ ಹೇಳಿಕೊಡಿ.